ಶಾಲೆ ಇದ್ದ ದಿನ ಏರುತ್ತಿದ್ದ ಸಕ್ಕರೆ

ಸಂಜೆ ಮನೆಗೆ ಬಂದವಳು ಮೊದಲು ಕೈ ತೊಳೆಯುತ್ತಿದ್ದೆ. ಒರೆಸಿಕೊಂಡ ಮೇಲೆ ಅನುಮಾನವಾಗಿ ಇನ್ನೊಮ್ಮೆ ತೊಳೆಯುತ್ತಿದ್ದೆ. ಬೆರಳಿಗೆ ಸಿಹಿ ಅಂಟಿಕೊಂಡಿದ್ದರೆ ಶುಗರ್ ನೋಡುವ ಮೆಷಿನ್ನು ಸುಳ್ಳು ಹೇಳುತ್ತದಂತೆ. ಹನಿ ರಕ್ತ ಪಟ್ಟಿಗೆ ತಾಗಿ, ಆ ಪುಟ್ಟ ಪರದೆಯ ಮೇಲೆ ಅಂಕಿ ಮೂಡುವಷ್ಟರಲ್ಲಿ ನಾನು ಹರಕೆ ಹೊರದ ದೇವರಿರಲಿಲ್ಲ. ಅಂಕಿ ಮೂಡುತ್ತಿತ್ತು. ಮುನ್ನೂರರ ಮೇಲೆ. ನಿನ್ನೆಯೂ ಅಷ್ಟೇ, ಮೊನ್ನೆಯೂ ಅಷ್ಟೇ.

ಬೆಳಿಗ್ಗೆ ಎದ್ದಾಗ ಸರಿಯಾಗಿರುತ್ತಿತ್ತು. ರಾತ್ರಿ ಮಲಗುವಾಗಲೂ ಪರವಾಗಿಲ್ಲ. ಮಧ್ಯಾಹ್ನದ ಊಟವಾಗಿ ಸಂಜೆಯಾಗುವಷ್ಟರಲ್ಲಿ ಮಾತ್ರ ಅದು ಹಾಲು ಉಕ್ಕಿದ ಹಾಗೆ ಉಕ್ಕುತ್ತಿತ್ತು. ಏಕೆ ಎಂದು ನನಗೆ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ. ಗೊತ್ತಿದೆ ಎಂದುಕೊಂಡವರು ನನ್ನ ಗಂಡ ಪ್ರಭು ಒಬ್ಬರೇ.

ನಾನು ಹಲಸೂರಿನ ಒಂದು ಖಾಸಗಿ ಶಾಲೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಮನೆ ಹೊರಮಾವಿನಲ್ಲಿ. ಪ್ರಭು ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದಾರೆ. ನಮ್ಮಿಬ್ಬರದೂ ದಾವಣಗೆರೆ ಕಡೆ. ಮಗಳು ಮೇಘಾ ಏಳನೇ ಕ್ಲಾಸು. ಇವಳು ಹುಟ್ಟಿ ಎಷ್ಟೋ ವರ್ಷಗಳ ಮೇಲೆ ನಾನು ಕಾರಣವಿಲ್ಲದೆ ಕಡ್ಡಿಯಂತಾಗಿ, ಕೊಡಗಟ್ಟಲೆ ನೀರು ಕುಡಿಯತೊಡಗಿದಾಗ ಕಾಯಿಲೆ ಗೊತ್ತಾಯಿತು. ನನ್ನದು ಮಾತ್ರೆಗೆ ಬಗ್ಗುವ ಸಕ್ಕರೆಯಲ್ಲ. ಮೊದಲಿಗೇ ಇನ್ಸುಲಿನ್, ಅದೂ ಪ್ರತಿ ಊಟಕ್ಕೆ ಮೊದಲು, ಮತ್ತೆ ರಾತ್ರಿಗೊಂದು. ಮೊದಲ ಸಲ ಇನ್ಸುಲಿನ್ ಚುಚ್ಚುವ ಪೆನ್ನು ಕೈಯಲ್ಲಿ ಹಿಡಿದು ತಟ್ಟೆಯ ಊಟ ಆರಿಹೋಗುವವರೆಗೆ ಕೂತಿದ್ದೆ. ಪ್ರಭು ಎದುರಿಗೆ ಕೂತು “ಒಂದು, ಎರಡು, ಮೂರು” ಎಂದು ಎಣಿಸಿ, ಮೂರಕ್ಕೆ ತಾವೇ ಕಣ್ಣು ಮುಚ್ಚಿಕೊಂಡರು.

ನನ್ನ ಹೆದರಿಕೆಗೆ ಒಂದು ಮುಖವಿತ್ತು. ಹರಿಹರದ ನಮ್ಮ ಸೋದರತ್ತೆಯದು. ಅತ್ತೆಗೂ ಸಕ್ಕರೆ ಕಾಯಿಲೆ. ಮೊದಲು ಕಾಲಿನ ಹೆಬ್ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಅಷ್ಟರಲ್ಲಿ ಕಣ್ಣೂ ಮಂಜಾಗಿತ್ತು. ಕೊನೆಕೊನೆಗೆ ಅತ್ತೆಯಲ್ಲಿ ಗಟ್ಟಿಮುಟ್ಟಾಗಿ ಉಳಿದದ್ದು ಬಾಯಿ ಒಂದೇ. ರಜೆಯಲ್ಲಿ ಹೋದಾಗ ನನ್ನನ್ನು ಹತ್ತಿರ ಕೂರಿಸಿಕೊಂಡು, ಹೋದ ಕಾಲು ಇನ್ನೂ ತುರಿಸುತ್ತದೆ ಎನ್ನುತ್ತಿದ್ದರು. ಇಲ್ಲದ ಕಾಲನ್ನು ಹೇಗೆ ಕೆರೆಯುವುದೆಂದು ನಾನು ಯೋಚಿಸುತ್ತಾ ಕೂರುತ್ತಿದ್ದೆ. ಈಗ ಮುನ್ನೂರು ಎಂದು ಕಂಡ ಸಂಜೆಗಳಲ್ಲಿ ನಾನು ಮೊದಲು ಮಾಡುತ್ತಿದ್ದ ಕೆಲಸ ನನ್ನ ಕಾಲ್ಬೆರಳುಗಳನ್ನು ಒಂದೊಂದಾಗಿ ಹಿಚುಕಿ ನೋಡಿಕೊಳ್ಳುವುದು.

ಪ್ರಭು ಅವರ ಲೆಕ್ಕ ಸರಳವಾಗಿತ್ತು. ಬೆಳಿಗ್ಗೆ, ರಾತ್ರಿ ನಾನು ಮನೆಯಲ್ಲಿ ಅವರ ಕಣ್ಣೆದುರು ತಿನ್ನುತ್ತೇನೆ, ಶುಗರ್ ಸರಿಯಿರುತ್ತದೆ. ಮಧ್ಯಾಹ್ನ ಶಾಲೆಯಲ್ಲಿ ತಿನ್ನುತ್ತೇನೆ, ಏರುತ್ತದೆ. ಭಾನುವಾರ ಮಧ್ಯಾಹ್ನ ಮನೆಯಲ್ಲಿದ್ದರೆ ಏರುವುದಿಲ್ಲ.

“ಸ್ಕೂಲಲ್ಲಿ ಏನ್ ತಿಂತೀಯ, ನಿಜ ಹೇಳು” ಎಂದು ಒಂದು ಸಂಜೆ ಕೇಳಿದರು.

“ಮನೆಯಿಂದ ಕಟ್ಕೊಂಡ್ ಹೋಗಿದ್ದೇ ತಿಂತೀನಿ ರೀ. ಇನ್ನೇನ್ ತಿನ್ಲಿ?”

“ಮಕ್ಳು ಬರ್ತ್‌ಡೇಗೆ ಚಾಕ್ಲೇಟ್ ಕೊಡಲ್ವಾ?”

“ಕೊಡ್ತಾರೆ. ಮೇಘಾಗೆ ತರ್ತೀನಿ.”

ಮರುದಿನದಿಂದ ನನ್ನ ಡಬ್ಬಿಯನ್ನು ಅವರೇ ಕಟ್ಟತೊಡಗಿದರು. ಅನ್ನ ಹೋಗಿ ಚಪಾತಿ ಬಂತು. ಚಪಾತಿ ಹೋಗಿ ಜೋಳದ ರೊಟ್ಟಿ ಬಂತು. ಕೊನೆಗೆ ಒಂದು ವಾರ ಬರೀ ಮೊಳಕೆ ಕಾಳು, ಸೌತೆಕಾಯಿ. ಕುರಿಯ ಹಾಗೆ ಮೇಯ್ದು ಬಂದೆ. ಸಂಜೆ ನೋಡಿದರೆ ಏರಿಕೆ ಕೊಂಚ ತಗ್ಗಿತ್ತೇ ಹೊರತು ನಿಂತಿರಲಿಲ್ಲ. ಆಗ ಅವರು ನನ್ನ ಬ್ಯಾಗು ನೋಡಿದರು. ನನ್ನೆದುರಿಗೇ ನೋಡಿದರು. ಒಳಜೇಬಿನಲ್ಲಿ ಚಾಕಲೇಟಿನ ಬೆಳ್ಳಿ ಕಾಗದ ಸಿಕ್ಕಿತು.

“ಅಪ್ಪ, ಅದು ನಾನ್ ತಿಂದಿದ್ದು. ಮೆಟ್ಟಿಲ ಹತ್ರಾನೇ ತಿಂದು ಪೇಪರ್ ಅಮ್ಮನ ಬ್ಯಾಗಿಗೆ ತುರುಕ್ಬಿಟ್ಟೆ” ಎಂದಳು ಮೇಘಾ.

ಪ್ರಭು ಅವಳನ್ನೂ ನೋಡಿದರು, ನನ್ನನ್ನೂ ನೋಡಿದರು. ಕಾಗದವನ್ನು ಮಡಿಸಿ ಕಸದ ಬುಟ್ಟಿಗೆ ಹಾಕಿದರು. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಇನ್ನೂ ಕೆಟ್ಟದ್ದೆಂದರೆ, ಕ್ರಮೇಣ ನನಗೇ ನನ್ನ ಮೇಲೆ ಅನುಮಾನ ಬಂತು. ಸ್ಟಾಫ್‌ರೂಮಿನಲ್ಲಿ ಯಾರೋ ಚಾಚಿದ ಪ್ರಸಾದ ಬಾಯಿಗೆ ಹಾಕಿಕೊಂಡೆನಾ? ಕಾಫಿಗೆ ಸಕ್ಕರೆ ಬಿದ್ದಿತ್ತಾ? ಬರುವಾಗ ಮೆಟ್ರೋದಲ್ಲಿ ಕಂಬ ಹಿಡಿದು ನಿಂತು, ಆ ದಿನ ನನ್ನ ಬಾಯಿಗೆ ಹೋದದ್ದನ್ನೆಲ್ಲ ಕಳ್ಳಿಯನ್ನು ವಿಚಾರಿಸುವಂತೆ ವಿಚಾರಿಸಿಕೊಳ್ಳುತ್ತಿದ್ದೆ.

ಇಂದಿರಾನಗರದ ಕ್ಲಿನಿಕ್ಕಿನಲ್ಲಿ ನಮ್ಮ ಡಾಕ್ಟರನ್ನು ಕಾಣಲು ಕೂರುವುದು ಪರೀಕ್ಷೆಯ ಫಲಿತಾಂಶಕ್ಕೆ ಕೂತ ಹಾಗೇ. “ನಿಮ್ದೆಷ್ಟು ಬಂತು?” ಎಂದು ಪಕ್ಕದವರು ಕೇಳುತ್ತಾರೆ. ತಮ್ಮದು ಕಡಿಮೆಯಿದ್ದರೆ ಮುಖ ಅರಳುತ್ತದೆ. ದೊಮ್ಮಲೂರಿನಿಂದ ಬರುತ್ತಿದ್ದ ಒಬ್ಬ ಹಿರಿಯರು ನನ್ನ ಅಂಕಿ ಕೇಳಿ, “ಛೆ ಛೆ, ಹಾಗಲಕಾಯಿ ರಸ ಕುಡೀರಿ ಮೇಡಂ, ನಾನ್ ಗ್ಯಾರಂಟಿ” ಎಂದರು. ಅವರಿಗೆ ಯಾರು ಗ್ಯಾರಂಟಿ ಎಂದು ಬಾಯಿತುದಿಗೆ ಬಂದದ್ದನ್ನು ನುಂಗಿಕೊಂಡೆ. ಎದುರಿನ ಕುರ್ಚಿಯಲ್ಲಿ ಒಬ್ಬಾಕೆ ಕಾಲಿಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದರು. ನನ್ನ ಸರದಿ ಬರುವವರೆಗೆ ನಾನು ಗೋಡೆಯನ್ನೇ ನೋಡುತ್ತಿದ್ದೆ.

ಡಾಕ್ಟರು ಒಳ್ಳೆಯವರು, ಮೆದು ಮಾತಿನವರು. ಊಟ, ನಿದ್ದೆ, ಇನ್ಸುಲಿನ್ ಇಡುವ ಜಾಗ, ಎಲ್ಲ ಕೇಳಿದರು.

“ಚುಚ್ಕೊಳೋ ಜಾಗ ಬದಲಾಯಿಸ್ತಾ ಇದ್ದೀರಲ್ಲ?”

“ಬದಲಾಯಿಸ್ತೀನಿ ಸರ್.”

“ಸ್ಕೂಲಲ್ಲಿ ಟೆನ್ಷನ್ ಜಾಸ್ತಿನಾ?”

ಹೈಸ್ಕೂಲು ಮಕ್ಕಳಿಗೆ ಮಧ್ಯಾಹ್ನ ಊಟದ ಮೇಲೆ ಹಳಗನ್ನಡ ಹೇಳಿಕೊಡುವವಳಿಗೆ ಟೆನ್ಷನ್ ಇಲ್ಲವೇ ಎಂದರೆ ಏನು ಹೇಳಲಿ? ಇದೆ ಎಂದೆ. ಹಾಗಾದರೆ ಶಾಲೆ ಇದ್ದ ದಿನ ಮಧ್ಯಾಹ್ನದ ಡೋಸು ಸ್ವಲ್ಪ ಏರಿಸೋಣ, ಭಾನುವಾರ ಮೊದಲಿನಷ್ಟೇ ಇರಲಿ ಎಂದರು. ಮುಂದಿನ ಸಲವೂ ಏರಿಸಿದರು. ಅದರ ಮುಂದಿನ ಸಲವೂ. ಡೋಸು ಹೆಚ್ಚುಕಡಿಮೆ ಎರಡರಷ್ಟಾಯಿತು. ಏರಿಸಿದಾಗ ನಾಲ್ಕು ದಿನ ತಗ್ಗಿದಂತೆ ಮಾಡಿ, ಸಕ್ಕರೆ ಮತ್ತೆ ಹಳೆಯ ಚಾಳಿ ಹಿಡಿಯುತ್ತಿತ್ತು.

“ಈ ವರ್ಷ ಮುಗಿಸಿ ಕೆಲ್ಸ ಬಿಟ್ಬಿಡು” ಎಂದರು ಪ್ರಭು. “ಅಲ್ಲಿರೋದು ಏನೋ ಆಗ್ತಿಲ್ಲ ನಿಂಗೆ. ಬೇಸಿಗೆ ರಜಕ್ಕೆ ಮುಂಚೆ ಹೇಳ್ಬಿಡು ಅವ್ರಿಗೆ.”

ನಾನು ಜಗಳವಾಡಿದೆ. ಆದರೆ ಜಗಳಕ್ಕೆ ಬಲವಿರಲಿಲ್ಲ. ಶಾಲೆ ಇದ್ದ ದಿನ ಏರುತ್ತದೆ, ಇಲ್ಲದ ದಿನ ಏರುವುದಿಲ್ಲ, ಇದನ್ನು ಅಲ್ಲಗಳೆಯುವುದು ಹೇಗೆ? ಕ್ಲಾಸಿನಲ್ಲಿ ನಿಂತಾಗ ಮಾತ್ರ ನಾನು ಕಾಯಿಲೆಯವಳೆಂಬುದನ್ನು ಮರೆಯುತ್ತಿದ್ದೆ. ಆ ಜಾಗವೇ ನನ್ನ ಕಾಲು ಕೇಳುತ್ತಿದೆ ಎಂದರೆ ನಂಬಲು ಮನಸ್ಸು ಒಪ್ಪುತ್ತಿರಲಿಲ್ಲ.

ಶಾಲೆಯಲ್ಲಿ ನಾನು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ರೀತಿಯನ್ನು ಇಲ್ಲಿ ಹೇಳಬೇಕು. ನಮ್ಮಲ್ಲಿ ಶಿಕ್ಷಕಿಯರು ಸೀರೆಯನ್ನೇ ಉಡಬೇಕು, ಅದು ನಿಯಮ. ಕಾಯಿಲೆಯ ವಿಷಯ ಗೊತ್ತಿದ್ದದ್ದು ಪಕ್ಕದ ಮೇಜಿನ ಹಿಂದಿ ಟೀಚರ್ ಫಾತಿಮಾಗೆ ಮಾತ್ರ. ಮಿಕ್ಕವರಿಗೆ ತಿಳಿದರೆ ಆಡಳಿತದವರ ಕಿವಿಗೆ ಬೀಳುತ್ತದೆ, ಕಾಯಿಲೆಯವಳನ್ನು ಯಾಕೆ ಇಟ್ಟುಕೊಳ್ಳಬೇಕು ಎನ್ನುತ್ತಾರೆ ಎಂಬ ಭಯ. ಶೌಚಾಲಯಕ್ಕೆ ಹೋಗೋಣವೆಂದರೆ ಅಲ್ಲಿನ ಚಿಲಕ ಮನಸ್ಸು ಬಂದರೆ ಹಾಕಿಕೊಳ್ಳುತ್ತದೆ, ಇಲ್ಲವಾದರೆ ಇಲ್ಲ. ಹಾಗಾಗಿ ನಾನು ಸ್ಟಾಫ್‌ರೂಮಿನ ಬೀರುವಿನ ಕಡೆ ತಿರುಗಿ ಪುಸ್ತಕ ಹುಡುಕುವವಳ ಹಾಗೆ ನಿಂತು, ಸೆರಗಿನ ಮರೆಯಲ್ಲಿ, ಎಡಸೊಂಟದ ಮೇಲೆ ರವಿಕೆಗೂ ಸೀರೆಗೂ ನಡುವೆ ಬಿಟ್ಟುಕೊಳ್ಳುವ ಆ ಬರಿಜಾಗದಲ್ಲಿ ಚುಚ್ಚಿಕೊಂಡುಬಿಡುತ್ತಿದ್ದೆ. ಪಕ್ಕದಲ್ಲಿ ನಿಂತು ಟೈಮ್‌ಟೇಬಲ್ ಬಗ್ಗೆ ಗೊಣಗುತ್ತಿದ್ದವರಿಗೂ ಗೊತ್ತಾಗುತ್ತಿರಲಿಲ್ಲ. ಲಂಗದ ಲಾಡಿ ಬಿಗಿದ ಮೇಲೆ ಸೀರೆ ಉಟ್ಟವಳ ಕೈಗೆ ಸಿಗುವುದು ಅದೊಂದೇ ಜಾಗ. ಡಾಕ್ಟರು ಜಾಗ ಬದಲಾಯಿಸಿ ಎಂದಿದ್ದರಲ್ಲ, ಬದಲಾಯಿಸುತ್ತಿದ್ದೆ. ಇವತ್ತು ಒಂದು ಬೆರಳು ಆಚೆ, ನಾಳೆ ಒಂದು ಬೆರಳು ಈಚೆ. ಸೀರೆಯ ಈ ಅನುಕೂಲ ಚೂಡಿದಾರದವರಿಗೆಲ್ಲಿ ಎಂದು ಫಾತಿಮಾ ಹತ್ತಿರ ಜಂಭ ಕೊಚ್ಚಿಕೊಂಡದ್ದೂ ಉಂಟು. ಮನೆಯಲ್ಲಿ ನೈಟಿ. ಅಲ್ಲಿ ಹೊಟ್ಟೆ, ತೊಡೆ ಎಲ್ಲ ಸರದಿಯ ಮೇಲೆ ನಡೆಯುತ್ತಿತ್ತು.

ಹೀಗಿರುವಾಗ ಶಾಲೆಯ ಕ್ರೀಡಾದಿನ ಬಂತು. ಅದೊಂದು ದಿನ ಶಿಕ್ಷಕಿಯರು ಚೂಡಿದಾರ ಹಾಕಬಹುದು, ಓಡಾಡಲು ಅನುಕೂಲವಾಗಲಿ ಎಂದು. ಮಧ್ಯಾಹ್ನ ಮೈದಾನದ ಪಕ್ಕದ ಕೋಣೆಯಲ್ಲಿ, ಬಾಗಿಲಿಗೆ ಫಾತಿಮಾಳನ್ನು ಕಾವಲಿಟ್ಟು, ಶಾಲೆಯ ದಿನದ ಆ ದೊಡ್ಡ ಡೋಸನ್ನು ತೊಡೆಗೆ ಕೊಟ್ಟುಕೊಂಡೆ. ಪ್ರಭು ಕಟ್ಟಿದ್ದ ರೊಟ್ಟಿ ಪಲ್ಯ ಪೂರ್ತಿ ತಿಂದೆ. ಹುಡುಗಿಯರ ರಿಲೇ ಓಟಕ್ಕೆ ಗೆಲುವಿನ ಗೆರೆಯ ಹಗ್ಗದ ಒಂದು ತುದಿ ಹಿಡಿದು ನಿಂತೆ.

ಮೊದಲು ನಾಲಗೆ ದಪ್ಪಗಾಯಿತು. ಬಿಸಿಲು ಎಂದುಕೊಂಡೆ. ಆಮೇಲೆ ಬೆನ್ನ ಮೇಲೆ ಬೆವರು ನೀರಿನಂತೆ ಇಳಿಯಿತು, ಆದರೆ ಮೈ ತಣ್ಣಗೆ. ಮೈಕಿನಲ್ಲಿ ಯಾರೋ ಹೆಸರು ಕೂಗುತ್ತಿದ್ದರು, ನನಗೆ ಪರಿಚಯವಿದ್ದ ಹೆಸರುಗಳೇ, ಯಾರದೆಂದು ತಿಳಿಯಲಿಲ್ಲ. ಎದುರಿನಿಂದ ಮಕ್ಕಳು ಓಡಿ ಬರುತ್ತಿದ್ದರು. ಹಗ್ಗ ಬಿಡಬೇಕೋ ಹಿಡಿಯಬೇಕೋ ಗೊತ್ತಾಗಲಿಲ್ಲ. ಇದು ಸಾವು ಎಂದು ನನಗೆ ಖಚಿತವಾಗಿ ಅನ್ನಿಸಿತು. ಮೇಘಾಳನ್ನು ಸ್ಕೂಲಿನಿಂದ ಯಾರು ಕರೆದುಕೊಂಡು ಬರುತ್ತಾರೆ ಎಂಬುದೊಂದೇ ಯೋಚನೆ ಬಂದದ್ದು.

“ಮೇಡಂ? ಅರೇ, ಮೇಡಂ! ಕೂತ್ಕೊಳ್ರೀ, ಕೂತ್ಕೊಳ್ಳಿ!” ಫಾತಿಮಾ ನನ್ನ ತೋಳು ಹಿಡಿದಿದ್ದಳು. “ಮಕ್ಳಿಗೆ ಕಲ್ಸಿಟ್ಟಿರೋ ಗ್ಲುಕೋಸ್ ತನ್ನಿ, ಜಲ್ದಿ!”

ಓಡುವ ಮಕ್ಕಳಿಗೆಂದು ಬಕೆಟ್ಟಿನಲ್ಲಿ ಕಲಸಿಟ್ಟ ಗ್ಲುಕೋಸು ನೀರು ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಆ ಬಕೆಟ್ಟು ಅಲ್ಲಿರದಿದ್ದರೆ ಏನಾಗುತ್ತಿತ್ತೆಂದು ಈಗಲೂ ಲೆಕ್ಕ ಹಾಕುತ್ತೇನೆ. ಲೋಟದ ಮೇಲೆ ಲೋಟ ಕುಡಿಸಿದಳು. ಅರ್ಧ ಮೈಮೇಲೆ ಚೆಲ್ಲಿತು. ಕಣ್ಣಿಗೆ ಮೈದಾನ ಮತ್ತೆ ಮೈದಾನದ ಹಾಗೆ ಕಾಣತೊಡಗಿದ ಮೇಲೆ ಬೆರಳು ಚುಚ್ಚಿ ನೋಡಿದರೆ, ಅಷ್ಟು ಕುಡಿದ ಮೇಲೂ ಐವತ್ತೆರಡು.

ಫಾತಿಮಾ ನನ್ನನ್ನು ಆಟೋದಲ್ಲಿ ಕ್ಲಿನಿಕ್ಕಿಗೆ ಕರೆದೊಯ್ದಳು, ಪ್ರಭು ಆಫೀಸಿನಿಂದ ನೇರವಾಗಿ ಅಲ್ಲಿಗೇ ಬಂದರು. ಆಫೀಸಿನ ಗುರುತಿನ ಚೀಟಿ ಇನ್ನೂ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ಕಾಯುವ ಕೋಣೆಯಲ್ಲಿ ನನ್ನ ಪಕ್ಕ ಕೂತು, “ಸಾಕು. ನಾಳೆನೇ ರಾಜೀನಾಮೆ ಕೊಟ್ಬಿಡು” ಎಂದಷ್ಟೇ ಹೇಳಿದರು. ನಾನು ತಲೆಯಾಡಿಸಿದೆ. ಆ ಹೊತ್ತಿಗೆ ನನಗೂ ಸಾಕಾಗಿತ್ತು. ಏರುವುದಾದರೂ ನನಗೆ ಅಭ್ಯಾಸವಾಗಿತ್ತು. ಅದೇ ರೊಟ್ಟಿ, ಅದೇ ಡೋಸು, ನಿನ್ನೆ ಮುನ್ನೂರು, ಇವತ್ತು ಬಾವಿಗೆ ಬಿದ್ದ ಹಾಗೆ. ಇಂಥ ಮೈಯನ್ನು ನಂಬಿ ಮನೆಯಿಂದ ಹೊರಗೆ ಕಾಲಿಡುವುದು ಹೇಗೆ?

ಡಾಕ್ಟರು ಎಲ್ಲ ಕೇಳಿಸಿಕೊಂಡರು. ಆಮೇಲೆ ಕೇಳಿದರು, “ಇವತ್ತು ಎಲ್ಲಿ ಚುಚ್ಕೊಂಡ್ರಿ?”

“ತೊಡೆಗೆ ಸರ್. ಚೂಡಿದಾರ ಅಲ್ವಾ.”

“ದಿನಾ?”

ನಾನು ಸೊಂಟ ತೋರಿಸಿದೆ. “ಇಲ್ಲೇ. ಜಾಗ ಬದಲಾಯಿಸ್ತಾನೇ ಇರ್ತೀನಿ.”

“ಸ್ಕೂಲಲ್ಲಿ ಯಾವಾಗ್ಲೂ ಇಲ್ಲೇನಾ?”

“ಸೀರೇಲಿ ಇನ್ನೆಲ್ಲಿ ಸರ್?”

ಸಿಸ್ಟರನ್ನು ಕರೆದರು. ಪರದೆ ಎಳೆದು, ಮೇಜಿನ ಮೇಲೆ ಮಲಗಿಸಿ, ಬೆರಳ ತುದಿಯಿಂದ ಒತ್ತಿ ನೋಡಿದರು. ಆಮೇಲೆ ನನ್ನ ಕೈಯನ್ನೇ ಹಿಡಿದು ಅಲ್ಲಿಟ್ಟರು. ನಾದಿಟ್ಟ ಕಣಕದ ಉಂಡೆಯ ಹಾಗೆ ಏನೋ ಮೆತ್ತಗೆ, ದಪ್ಪಗೆ ಕೈಗೆ ಸಿಕ್ಕಿತು. ಬಲಗಡೆ ಹಾಗಿರಲಿಲ್ಲ. ದಿನಾ ಸ್ನಾನ ಮಾಡುವ ಮೈ, ದಿನಾ ಸೀರೆ ಸಿಕ್ಕಿಸುವ ಸೊಂಟ, ನನಗೆ ಗೊತ್ತೇ ಆಗಿರಲಿಲ್ಲ.

“ಕ್ಯಾನ್ಸರಾ ಸರ್?”

“ಅಲ್ಲಲ್ಲ, ಹೆದರ್ಬೇಡಿ. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಕೊಬ್ಬು ಹೀಗೆ ದಪ್ಪ ಆಗುತ್ತೆ. ಇಲ್ಲಿ ಹಾಕಿದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಹೋಗ್ತಾ ಇರ್ಲಿಲ್ಲ. ನಾನು ಡೋಸ್ ಏರಿಸ್ತಾನೇ ಹೋದೆ. ಇವತ್ತು ಒಳ್ಳೇ ಜಾಗಕ್ಕೆ ಹಾಕಿದ್ರಿ, ಅಷ್ಟೂ ಕೆಲ್ಸ ಮಾಡ್ತು.” ಅವರು ಕೈ ತೊಳೆಯಲು ಹೋದವರು ಬೆನ್ನು ತಿರುಗಿಸಿಕೊಂಡೇ ಹೇಳಿದರು, “ಜಾಗ ಬದಲಾಯಿಸ್ತೀರಾ ಅಂತ ಕೇಳ್ದೆ. ನೋಡ್ಲಿಲ್ಲ. ನೋಡ್ಬೇಕಿತ್ತು.”

ಆ ಒಂದು ಮಾತಿಗೆ ನಾನು ಅವರಿಗೆ ಇವತ್ತಿಗೂ ಋಣಿ.

ಕಾರಣ ಸಿಕ್ಕಿತಲ್ಲ, ಭಯ ಮುಗಿಯಿತು ಎಂದು ನೀವು ಎಣಿಸಿದರೆ ತಪ್ಪು. ನಿಜವಾದ ನಡುಕ ಶುರುವಾದದ್ದು ಆಮೇಲೆ. ಡೋಸನ್ನು ಬಹಳ ಕೆಳಗಿಳಿಸಿ, ಆ ಎಡಸೊಂಟವನ್ನು ತಿಂಗಳುಗಟ್ಟಲೆ ಮುಟ್ಟಬಾರದೆಂದು ಹೇಳಿ ಕಳಿಸಿದರು. ಹೊಸ ಜಾಗಕ್ಕೆ ಚುಚ್ಚಿದಾಗಲೆಲ್ಲ ಮೈದಾನದ ಆ ಗಳಿಗೆ ಕಣ್ಣ ಮುಂದೆ ನಿಲ್ಲುತ್ತಿತ್ತು. ಸ್ವಲ್ಪ ಬೆವರಿದರೂ ಇಳಿಯಿತು ಎಂದುಕೊಳ್ಳುತ್ತಿದ್ದೆ. ಬಾಯಾರಿದರೆ ಏರಿತು ಎಂದುಕೊಳ್ಳುತ್ತಿದ್ದೆ. ಬೆರಳ ತುದಿಗಳೆಲ್ಲ ಜರಡಿಯಾದವು. ಹಾವಿನಿಂದ ಕಚ್ಚಿಸಿಕೊಂಡವಳಿಗೆ ಹಗ್ಗ ಕಂಡರೂ ಭಯ ಎನ್ನುವುದು ಸುಳ್ಳಲ್ಲ.

ಹೆಡ್‌ಮಿಸ್ಟ್ರೆಸ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಮೈದಾನದಲ್ಲಿ ಅಷ್ಟು ಜನ ನೋಡಿದ ಮೇಲೆ ಮುಚ್ಚಿಡಲು ಏನು ಉಳಿದಿತ್ತು? ಊಟಕ್ಕೆ ಮೊದಲು ತೊಡೆಗೆ ಚುಚ್ಚಿಕೊಳ್ಳಬೇಕು, ಚೂಡಿದಾರ ಹಾಕಲು ಬಿಡಿ, ಚಿಲಕವಿರುವ ಒಂದು ಕೋಣೆ ಕೊಡಿ ಎಂದೆ. ಕೆಲಸ ಹೋಯಿತೆಂದೇ ಅಂದುಕೊಂಡು ನಿಂತಿದ್ದೆ. ಆಕೆ ಕನ್ನಡಕ ತೆಗೆದು, “ಇಷ್ಟು ವರ್ಷ ಬೀರು ಕಡೆ ತಿರುಗಿ ನಿಂತು ಚುಚ್ಕೊಂಡ್ರಾ?” ಎಂದು ಕೇಳಿದರು. ಕಣ್ಣು ಒದ್ದೆಯಾದಂತೆ ಕಂಡಿತು. ಮರುಗಳಿಗೆಯಲ್ಲಿ ಕನ್ನಡಕ ಹಾಕಿಕೊಂಡು, “ಸರಿ, ರೂಮ್ ಕೊಡಿಸ್ತೀನಿ, ಚೂಡಿದಾರಾನೂ ಹಾಕ್ಕೊಳ್ಳಿ. ದುಪಟ್ಟಾ ಮಾತ್ರ ಎರಡೂ ಕಡೆ ಪಿನ್ ಮಾಡಿರ್ಬೇಕು” ಎಂದರು. ನಗು ತಡೆದುಕೊಂಡು ಹೊರಗೆ ಬಂದೆ. ನನಗಾಗಿ ಸಡಿಲವಾದರೂ ಅವರ ನಿಯಮಕ್ಕೆ ಒಂದು ಪಿನ್ನು ಬೇಕಿತ್ತು.

ಸೀರೆ ಉಟ್ಟು ಇನ್ಸುಲಿನ್ ತೆಗೆದುಕೊಳ್ಳುವ ಅಕ್ಕತಂಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ಒಮ್ಮೆ ಆ ಬರಿಜಾಗಕ್ಕೆ ಕೈಯಿಟ್ಟು ನೋಡಿಕೊಳ್ಳಿ. ಉಬ್ಬು ಸಿಕ್ಕರೆ ಜಾಗವನ್ನು ತಾವೇ ಬದಲಾಯಿಸಿ ಅದೇ ಡೋಸು ಹಾಕಿಕೊಳ್ಳಬೇಡಿ. ಮೊದಲು ಡಾಕ್ಟರಿಗೆ ತೋರಿಸಿ. ನಾಚಿಕೆ ಆಮೇಲೆ ಪಟ್ಟರಾಯಿತು.

ತಿಂಗಳೊಪ್ಪತ್ತಿನಲ್ಲಿ ಸಂಜೆಯ ಅಂಕಿ ಹದಕ್ಕೆ ಬಂತು. ಎಲ್ಲ ದಿನವೂ ಅಲ್ಲ, ಆದರೆ ಹೆಚ್ಚಿನ ದಿನ. ಪ್ರಭು ರಾಜೀನಾಮೆಯ ಮಾತೆತ್ತಲಿಲ್ಲ. ಆದರೆ ತಪ್ಪಾಯಿತು ಎಂದೂ ಹೇಳಲಿಲ್ಲ, ಅದು ನನ್ನೊಳಗೆ ಮುಳ್ಳಾಗಿ ಉಳಿದಿತ್ತು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಒಂದು ಸಂಜೆ ಅವರು ನೆಲದ ಮೇಲೆ ಪೇಪರು ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ತಡೆಯಲಾಗದೆ ಕೇಳಿಯೇಬಿಟ್ಟೆ.

“ನಾನು ಕದ್ದು ತಿಂದಿರ್ಲಿಲ್ಲ ಅಂತ ಒಂದ್ಸಲ ಬಾಯ್ಬಿಟ್ಟು ಹೇಳಿ ರೀ. ಬ್ಯಾಗ್ ಬೇರೆ ಹುಡುಕಿದ್ರಲ್ಲ ನೀವು.”

ಅವರು ತಲೆಯೆತ್ತಲಿಲ್ಲ. ಬೇರು ಎಸೆಯುವ ಕಡೆ ಸೊಪ್ಪು, ಸೊಪ್ಪಿನ ಕಡೆ ಬೇರು ಹಾಕುತ್ತಿದ್ದರು.

“ತಿಂತಿದ್ದೀಯ ಅಂತ ಅನುಮಾನ ಅಲ್ಲ ಕಣೇ. ತಿಂತಿರ್ಲಿ ದೇವ್ರೇ ಅಂತ ಬೇಡ್ಕೋತಿದ್ದೆ. ಆ ಚಾಕ್ಲೇಟ್ ಪೇಪರ್ ಸಿಕ್ದಾಗ ನಂಗೆಷ್ಟು ಸಮಾಧಾನ ಆಯ್ತು ಗೊತ್ತಾ? ತಿಂದು ಏರ್ತಿದೆ ಅಂದ್ರೆ ನಿನ್ ಕೈ ಹಿಡ್ದು ನಿಲ್ಲಿಸ್ಬೋದಿತ್ತು. ಏನೂ ತಿನ್ನದೇ ಏರ್ತಿದೆ ಅಂದ್ರೆ ನಾನ್ ಏನ್ ಹಿಡೀಲಿ?”

ಎಷ್ಟು ತಿಂಗಳು ನಾನು ಈ ಮನುಷ್ಯನ ಮೇಲೆ ಹಲ್ಲು ಕಚ್ಚಿಕೊಂಡು ಓಡಾಡಿದ್ದೆ. ನನಗಿಂತ ಹೆಚ್ಚು ಹೆದರಿದ್ದವರು ಅವರು. ಅವರ ಎದುರಿಗೆ ಕೂತು, ಬೇರಿನ ಗುಡ್ಡೆಯಲ್ಲಿ ಸೇರಿಹೋಗಿದ್ದ ಸೊಪ್ಪನ್ನು ಒಂದೊಂದಾಗಿ ಆರಿಸತೊಡಗಿದೆ.